ಚಿಲಕಭಂಜನ ಕಲ್ಲಿನಾಥನ ಪರಾಕ್ರಮ

ಎಲೈ ವಾಗ್ದೇವಿಯೇ, ಧನುರ್ಧರರನ್ನು ಹಾಡಿ ಹಾಡಿ ದಣಿದ ನಿನ್ನ ನಾಲಗೆಯನ್ನು ಇನ್ನೊಂದು ಗಳಿಗೆ ಎರವಲು ಕೊಡು. ಹೆಣ್ಣುಮಕ್ಕಳು ಹದಿನಾಲ್ಕಕ್ಕೇ ತಮ್ಮ ಕೋಣೆಗೆ ತಾವೇ ಚಿಲಕ ಜಡಿದುಕೊಳ್ಳುವ ಈ ಘೋರ ಕಲಿಯುಗದಲ್ಲಿ, ಗದಗ ಪಟ್ಟಣದೊಳಗೆ, ಅಂಚೆಮುದ್ರಾಪ್ರಹಾರಪ್ರಚಂಡನೂ ಉದರಭಾರಮಂದಗಮನನೂ ಹಲ್ಲಿಯನ್ನು ಕಂಡೊಡನೆ ಮಂಚವೇರುವ ಧೀರನೂ ಆದ ಕಲ್ಲಿನಾಥನೆಂಬ ಮಹಾರಥಿಯು ಬಾಳುತ್ತಿದ್ದನು.

ಆತನ ಏಕಮಾತ್ರ ಪುತ್ರಿ ಸ್ಫೂರ್ತಿ. ಹೋದ ವರ್ಷದವರೆಗೂ ಶಾಲೆಯ ಸುದ್ದಿಯನ್ನೆಲ್ಲ ಅಪ್ಪನ ತಟ್ಟೆಯ ಮುಂದೆ ಸುರಿಯುತ್ತಿದ್ದವಳು ಈಗ ಬಂದವಳೇ ಕೋಣೆ ಸೇರುತ್ತಿದ್ದಳು. ಬುಧವಾರದಿಂದ ‘ಟಕ್’ ಎಂದು ಚಿಲಕವೂ ಬೀಳತೊಡಗಿತು. ವೀರನು ಬಾಗಿಲಿಗೆ ಕಿವಿಯಿಟ್ಟು ಆಲಿಸಿದನು. ಫ್ಯಾನು ತಿರುಗುವ ಸದ್ದು. ಅಷ್ಟರಿಂದಲೇ ಅವನು ಒಬ್ಬ ಪೋಲಿ ಹುಡುಗನನ್ನೂ, ಕದ್ದ ಮೊಬೈಲನ್ನೂ, ಪತ್ರಿಕೆಯಲ್ಲಿ ಓದಿದ್ದ ಬಾಯಲ್ಲಿ ಆಡಬಾರದ ಇನ್ನೊಂದನ್ನೂ ಕಲ್ಪಿಸಿಕೊಂಡು ಊಟ ಬಿಟ್ಟನು. ಮಗಳನ್ನು ನೇರವಾಗಿ ಕೇಳುವುದೊಂದನ್ನುಳಿದು ಮಿಕ್ಕೆಲ್ಲ ಉಪಾಯಗಳೂ ಆ ಮಹಾಮತಿಗೆ ಹೊಳೆದವು.

ಭಾನುವಾರ ಅಡುಗೆಮನೆಯಲ್ಲಿ ಹೆಂಡತಿ ಗಿರಿಜೆಯೆದುರು ನಿಂತು ಗರ್ಜಿಸಿದನು: “ನನಗೂ ನನ್ನ ಮಗಳಿಗೂ ನಡುವ ಒಂದು ಗೇಣು ಕಬ್ಬಿಣ? ಇವತ್ತ ಅದನ್ನ ಕಿತ್ತು ಒಗೀಲಿಲ್ಲಂದ್ರ ನಾ ಕಲ್ಲಿನಾಥನ ಅಲ್ಲ.”

ಗಿರಿಜೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಹುಡುಗಿ ದೊಡ್ಡಾಕಿ ಆಗ್ಯಾಳ. ಆಕಿಗೂ ಒಂದಿಷ್ಟು ಮರೆ ಬೇಕಾಗ್ತೈತಿ. ಸುಮ್ನ ಕುಂದರ್ರಿ.”

ಸುಮ್ಮನೆ ಕೂರುವುದು ವೀರಧರ್ಮವೇ? ಮಗಳು ಟ್ಯೂಷನ್ನಿಗೂ ಮಡದಿ ಹಿಟ್ಟಿನ ಗಿರಣಿಗೂ ತೆರಳಿದ ಶುಭಮುಹೂರ್ತದಲ್ಲಿ, ಇಬ್ಬರು ಹೆಂಗಸರೂ ಇಲ್ಲದ ರಣರಂಗವನ್ನು ಆತನು ನಿರ್ಭೀತಿಯಿಂದ ಪ್ರವೇಶಿಸಿದನು. ಯಾರಾದರೂ ಬಂದಾರೆಂಬ ಭಯದಿಂದ ಒಳಗಿನಿಂದ ಅದೇ ಚಿಲಕವನ್ನು ಹಾಕಿಕೊಂಡು, ಸ್ಕ್ರೂಡ್ರೈವರೆಂಬ ದಿವ್ಯಾಸ್ತ್ರವನ್ನು ಝಳಪಿಸಿ ತಿರುಪಿನ ಮೇಲೆ ಎರಗಿದನು. ಅಸ್ತ್ರ ಜಾರಿತು. ಮತ್ತೆ ಎರಗಿದನು, ಮತ್ತೆ ಜಾರಿತು. ಕೋಪಾವಿಷ್ಟನಾಗಿ ಸುತ್ತಿಗೆಯಿಂದ ಹೊಡೆದಾಗ ಚಿಲಕದ ಹಿಡಿ ಮುರಿದು ಕೈಗೆ ಬಂತು. ಚಿಲಕದ ಸರಳು ಚೌಕಟ್ಟಿನೊಳಗೇ ಉಳಿಯಿತು. ಶತ್ರುವಿನ ಕೋಟೆಯಲ್ಲಿ ಮಹಾರಥಿಯು ತನ್ನನ್ನು ತಾನೇ ಸೆರೆಹಿಡಿದಿದ್ದನು.

ಇನ್ನೊಂದು ಆಯುಧ ಸಿಕ್ಕೀತೆಂದು ಮೇಜಿನ ಖಾನೆಯನ್ನು ಎಳೆದನು. ಹುಡುಗನೂ ಇರಲಿಲ್ಲ, ಮೊಬೈಲೂ ಇರಲಿಲ್ಲ. ಔಷಧದಂಗಡಿಯವನು ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟ ಪ್ಯಾಡಿನ ಪೊಟ್ಟಣವಿತ್ತು. ಹೆಂಡತಿ ಹೇಳಿದ್ದು ಆಗ ತಲೆಗೆ ಹೋಯಿತು. ಖಾನೆಯನ್ನು ಸದ್ದಾಗದಂತೆ ಮುಚ್ಚಿ, ಮಗಳ ಹಾಸಿಗೆಯನ್ನೂ ಮುಟ್ಟಲು ಸಂಕೋಚಪಟ್ಟು, ನೆಲದ ಮೇಲೆ ಕುಳಿತನು.

ಒಂದು ತಾಸಿನ ಮೇಲೆ ಕಿಟಕಿಯ ಸರಳುಗಳಾಚೆ ಸ್ಫೂರ್ತಿಯ ಮುಖ ಕಾಣಿಸಿತು.

“ಅಪ್ಪಾ, ನನ್ನ ರೂಮಿನ್ಯಾಗ ಏನ್ ಮಾಡಾಕತ್ತಿ?”

“ಚಿಲಕ... ಗಟ್ಟಿ ಐತಿಲ್ಲೋ ನೋಡಾಕತ್ತಿದ್ದೆ.”

ಅವಳು ಅವನ ಕೈಯಲ್ಲಿದ್ದ ಹಿಡಿಯನ್ನೂ ಅಸ್ತ್ರವನ್ನೂ ನೋಡಿದಳು. ನಗಲಿಲ್ಲ, ಅದೇ ಅವನಿಗೆ ಹೆಚ್ಚು ತಾಗಿತು. “ಅವು ಸ್ಟಾರ್ ಸ್ಕ್ರೂ. ನೀ ಚಪ್ಪಟಿ ಡ್ರೈವರ್ ತಗೊಂಡಿ. ಆ ಚಿಲಕ ನಾನ ಕೂಡಿಸೀನಿ, ನನಗ ಗೊತ್ತೈತಿ.” ಮನೆಯೊಳಗೆ ಹೋಗಿ ಸರಿಯಾದದ್ದನ್ನು ತಂದು ಸರಳುಗಳ ನಡುವೆ ತೂರಿಸಿದಳು. “ಎಡಕ್ಕ ತಿರುವು.”

ವೀರನು ಎಡಕ್ಕೆ ತಿರುವಿದನು. ತಿರುಪುಗಳು ಕಳಚಿ ಬಾಗಿಲು ತೆರೆಯಿತು. ಇಬ್ಬರೂ ಹೊಸ್ತಿಲ ಆಚೀಚೆ ನಿಂತರು.

“ನನಗ ಅಂಜಿಕಿ ಆಗಿತ್ತವ್ವಾ,” ಎಂದನು.

“ಯಾಕ?”

“ನೀ ಮಾತಾಡವಲ್ಲಿ.”

“ನೀ ಬರೇ ಮಾರ್ಕ್ಸ್ ಕೇಳ್ತಿ. ಬಾಗಲಾ ಬಡಿದ್ರ ತೆಗೀತೀನಿ. ಬಡಿದು ನೋಡೀಯೇನು?”

ಬಡಿದಿರಲಿಲ್ಲ. ನಾಲ್ಕು ದಿನ ಕಿವಿಯಿಟ್ಟಿದ್ದನು, ಅಷ್ಟೇ.

ಸಂಜೆ ಪೇಟೆಯಿಂದ ಹೊಸ ಚಿಲಕ ಬಂತು. ಸ್ಕ್ರೂಡ್ರೈವರನ್ನು ಅವಳು ತನ್ನ ಕೈಯಿಂದ ಬಿಡಲಿಲ್ಲ. ಬಾಗಿಲಿಗೆ ಚಿಲಕವನ್ನು ಒತ್ತಿ ಹಿಡಿಯುವ ಕೆಲಸವಷ್ಟೇ ಮಹಾರಥಿಯ ಪಾಲಿಗೆ ಉಳಿದಿತ್ತು. ಅದನ್ನೂ ಓರೆಯಾಗಿ ಹಿಡಿದನು.

“ಅಪ್ಪಾ, ನೆಟ್ಟಗ ಹಿಡಿ.”

ನೆಟ್ಟಗೆ ಹಿಡಿದನು.