ನಮ್ಮ ಬಚ್ಚಲಿನ ಗಾಜು

ನನ್ನ ಮೈದುನನಿಗೆ ಡಾಕ್ಟರೇಟ್ ಕೊಟ್ಟದ್ದು ಯೂನಿವರ್ಸಿಟಿ ಎಂದು ಜನ ನಂಬಿದ್ದಾರೆ. ಪಾಪ, ನಂಬಲಿ. ಕೊಟ್ಟದ್ದು ನಮ್ಮ ಬಚ್ಚಲು!

ಎಂಬತ್ತರ ದಶಕದ ಕೊನೆ. ಸಿಂಧನೂರಿನ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಿಗೆಯಲ್ಲಿ ಬಾಯಿ ಬಿಡುವುದು, ಮೇಲಿದ್ದ ಮನೆಗಳ ಗೋಡೆ ಸೀಳುವುದು ನಡೆದೇ ಇತ್ತು. ಸಿವಿಲ್ ಇಂಜಿನಿಯರಿಂಗ್ ಡಿಪಾರ್ಟ್‌ಮೆಂಟಿನಲ್ಲಿ ರಿಸರ್ಚ್ ಮಾಡುತ್ತಿದ್ದ ಇವನು, ಆ ಮಣ್ಣಿಗೆ ಸುಣ್ಣ ಬೆರೆಸಿದರೆ ತೆಪ್ಪಗಾಗುತ್ತದೆ ಎಂದು ಹಟ ಹಿಡಿದ. ಲ್ಯಾಬಿನ ಡಬ್ಬಿಯಲ್ಲಿ ಆಯಿತಂತೆ. ಮೂರು ಮಳೆಗಾಲ ತಾಳಿದ ಗೋಡೆ ತೋರಿಸು ಎಂದರಂತೆ ಗೈಡು. ಗೋಡೆ ಯಾರು ಕೊಡುತ್ತಾರೆ? ನಮ್ಮ ಯಜಮಾನರು ಕೊಟ್ಟರು. ತಮ್ಮನೆಂದರೆ ಅವರಿಗೆ ವೀಕ್‌ನೆಸ್. ಹೀಗೆ ನನ್ನ ಬಚ್ಚಲು ನೆಲಸಮವಾಯಿತು.

ಸುಣ್ಣದ ಮಣ್ಣಿನ ಮೇಲೆ ಹೊಸ ಬಚ್ಚಲು ಎದ್ದಿತು. ಗೋಡೆಯ ಮೂಲೆಗೆ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿದ. ಗೋಡೆ ಕೂದಲೆಳೆಯಷ್ಟು ಕದಲಿದರೂ ಗಾಜು ಒಡೆಯುತ್ತದೆ, ಜೊತೆಗೆ ಥೀಸಿಸ್ಸೂ! ಮಳೆ ಸಾಲದೆಂದು ನಮ್ಮೆಲ್ಲರಿಂದ ದಿನಕ್ಕೆರಡು ಸ್ನಾನ. ಹೆಣ್ಣು ಕೊಡಲೆಂದು ಲಿಂಗಸುಗೂರಿನಿಂದ ಬಂದವರನ್ನೂ ಬಿಡಲಿಲ್ಲ ಮಹಾರಾಯ.

"ಮೊದಲು ಜಳಕ ಮಾಡ್ರಿ, ಚಾ ಆಮ್ಯಾಲ ಕುಡೀರಂತ."

ಅವರು ಮೆಲ್ಲಗೆ ತಮ್ಮ ಅಂಗಿ ಮೂಸಿಕೊಂಡದ್ದನ್ನು ನಾನೇ ಕಂಡೆ. ಚಹಾ ಕುಡಿಯದೆಯೇ ಬಸ್ಸು ಹತ್ತಿದರು!

ಯಜಮಾನರೋ, ಆಫೀಸಿನಿಂದ ಬಂದವರೇ ಚಪ್ಪಲಿ ಬಿಡುವ ಮೊದಲು ಕೇಳುವುದು ಒಂದೇ: "ಗಾಜು ಹೆಂಗೈತೋ?" ನಾನು ಹೇಗಿದ್ದೇನೆಂದು ಎಂದಾದರೂ ಕೇಳಿದ್ದುಂಟೇ?

ಮೊದಲ ಮಳೆಗಾಲದಲ್ಲೇ ಗಾಜು ಒಡೆಯಿತು. ಬೇರೆ ಗಾಜು ಹಚ್ಚಿಬಿಡು, ಯಾರು ನೋಡಿದ್ದಾರೆ ಎಂದರು ಯಜಮಾನರು.

"ಗ್ವಾಡಿಗೆ ಗೊತ್ತೈತಲ್ಲ ಅಣ್ಣಾ," ಎಂದ.

ಮರುದಿನ ತಾನೇ ಹಾರೆ ಹಿಡಿದು ಬಚ್ಚಲು ಕೆಡವಿದ. ಸುಣ್ಣ ಹೆಚ್ಚಿಸಿ ಮತ್ತೆ ತಳಪಾಯದಿಂದ ಶುರು. ಅಲ್ಲಿಯವರೆಗೆ ನಾವು ಸೀರೆಯ ಮರೆಯಲ್ಲಿ ಮಿಂದೆವು. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಫೇಂಟ್ ಆಗುತ್ತಿದ್ದರು!

ಎರಡನೆಯ ಗಾಜು ಒಂದು ಮಳೆಗಾಲ ದಾಟಿತು, ಇನ್ನೊಂದನ್ನೂ ದಾಟಿತು. ಮೂರನೆಯ ಮಳೆಗಾಲ ಮುಗಿಯುತ್ತ ಬಂದಾಗ ಯಜಮಾನರು ಹೋಗಿಬಿಟ್ಟರು. ಹಾರ್ಟು.

ಮಣ್ಣು ಮಾಡಿ ಬಂದವರೆಲ್ಲ, ಮಸ್ಕಿಯವರು, ಲಿಂಗಸುಗೂರಿನವರು, ಸ್ನಾನಕ್ಕೆ ಸಾಲುಗಟ್ಟಿದರು. ಆ ಗೋಡೆ ಅಷ್ಟು ನೀರನ್ನು ಹಿಂದೆಂದೂ ಕಂಡಿರಲಿಲ್ಲ. ಇವನು ಒಬ್ಬೊಬ್ಬರಿಗೂ ಕೊಡ ತುಂಬಿ ಕೊಟ್ಟ. ಒಮ್ಮೆಯೂ ಮೂಲೆಯತ್ತ ತಿರುಗಲಿಲ್ಲ. ಎಲ್ಲರೂ ಮುಗಿಸಿದ ಮೇಲೆ ನಾನೇ ಕೇಳಿದೆ.

"ಗಾಜು ನೋಡಿದೇನೋ?"

"ನೋಡಬೇಕ್ರೀ ವೈನಿ. ಇನ್ನೇನು ಅಣ್ಣ ಬಂದು ಕೇಳ್ತಾನ."

ಅಂದವನು ತನ್ನ ಮಾತು ತನಗೇ ಕೇಳಿದಂತೆ ಕೊಡ ಅಪ್ಪಿಕೊಂಡು ಕುಳಿತುಬಿಟ್ಟ.

ನಾನು ಒಳಗೆ ಹೋಗಿ ಗಾಜಿನ ಉದ್ದಕ್ಕೂ ಬೆರಳಾಡಿಸಿದೆ. ಹೊರಗೆ ಬಂದು, ಅವರು ಚಪ್ಪಲಿ ಬಿಡುತ್ತಿದ್ದ ಹೊಸ್ತಿಲಿನ ಕಡೆ ಮುಖ ಮಾಡಿ, ಇಬ್ಬರಿಗೂ ಕೇಳುವಂತೆ ಹೇಳಿದೆ:

"ಗಟ್ಟಿ ಐತಿ."