ಕಂಪ್ಯೂಟರಿನಲ್ಲಿ ಇಲ್ಲದ ಊರು

ಸರ್ಕಾರ ದೊಡ್ಡ ಕನಸು ಕಂಡಾಗಲೆಲ್ಲ ನಿದ್ದೆ ಕೆಡುವುದು ನಮ್ಮಂಥ ಗ್ರಾಮ ಲೆಕ್ಕಿಗರದು. ಇದು ಮೊದಲಿಂದಲೂ ಹೀಗೇ ನಡೆದು ಬಂದಿದೆ, ನಾನು ನಿವೃತ್ತನಾದ ಮೇಲೂ ನಿಂತ ಹಾಗೆ ಕಾಣುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಬಿದ್ದದ್ದು ಡಿಜಿಟಲ್ ಕನಸು. ಸುತ್ತಲಿನ ನಾಲ್ಕಾರು ರಾಜ್ಯಗಳಿಗೆ, ಆಚೆಯ ಒಂದೆರಡು ದೇಶಗಳಿಗೂ ನಾವೇ ಡಿಜಿಟಲ್ ಕೇಂದ್ರ ಆಗುತ್ತೇವೆಂದು ದೊಡ್ಡವರು ಭಾಷಣ ಮಾಡಿದರು. ಹಾಗೆಂದು ಬರೆಸಿದ ಒಂದು ಬೋರ್ಡು ನಮ್ಮ ತಾಲ್ಲೂಕು ಕಚೇರಿಯ ಮುಂದೆಯೂ ನಿಂತಿತು. ಅದರ ನೆರಳಲ್ಲಿ ಆಡುಗಳು ಮಲಗತೊಡಗಿದವು. ಆ ಯೋಜನೆಯಿಂದ ಮೊದಲು ಉಪಯೋಗ ಆದದ್ದು ಅವಕ್ಕೇ.

ನಾನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಐದೂ ಕಡೆಯ ನೀರು ಕುಡಿದವನು. ಇದು ನಡೆದದ್ದು ಯಾವ ಕಚೇರಿಯಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಪೆನ್ಷನ್ ಇನ್ನೂ ಬರುತ್ತಿದೆ, ಬರುತ್ತಿರಲಿ. ಈಗ ಹೇಳುವಾಗ ನಗು ಬರುತ್ತದೆ ನಿಜ, ಆದರೆ ಆವತ್ತು ನಗುವ ಹಾಗಿರಲಿಲ್ಲ.

೧. ತಣ್ಣನೆಯ ಕೋಣೆ

ಕಂಪ್ಯೂಟರ್ ಬಂದಾಗ ಅದನ್ನು ಇಡಲು ಭದ್ರವಾದ ಜಾಗ ಬೇಕಾಯಿತು. ಕಬ್ಬಿಣದ ಸರಳು, ದಪ್ಪ ಬಾಗಿಲು ಇದ್ದ ಕೋಣೆ ಇದ್ದದ್ದು ಒಂದೇ, ಹಿಂದಿನ ಕಾಲದಲ್ಲಿ ಕೈದಿಗಳನ್ನು ಕೂಡಿಹಾಕುತ್ತಿದ್ದ ಲಾಕಪ್ಪು. ಅದಕ್ಕೇ ಸುಣ್ಣ ಹೊಡೆಸಿ ಏಸಿ ಕೂರಿಸಿದರು. ಸುಣ್ಣ ಒಣಗಿದ ಮೇಲೆ ಕೈದಿಗಳು ದಿನ ಎಣಿಸುತ್ತ ಗೀರಿದ್ದ ಗೆರೆಗಳು ಮೆಲ್ಲಗೆ ಮತ್ತೆ ಎದ್ದು ಬಂದವು. ಇನ್ನೊಂದು ಸಲ ಹೊಡೆಸಿದರೂ ಬಂದವು.

ಯಂತ್ರ ನಡೆಸಲು ದಾವಣಗೆರೆ ಕಡೆಯ ಒಬ್ಬ ಹೆಣ್ಣುಮಗಳು ಗುತ್ತಿಗೆಯ ಮೇಲೆ ಬಂದರು, ಮೂವತ್ತರ ಆಸುಪಾಸಿನವರು. ಹೊರಗೆ ಏಪ್ರಿಲ್ ಬಿಸಿಲಿಗೆ ಕಾಗೆ ಬಾಯಿ ಬಿಡುತ್ತಿದ್ದರೆ ಒಳಗೆ ಇವರು ಶಾಲು ಹೊದ್ದು ಕೂತಿರುತ್ತಿದ್ದರು. ಬೆಳಿಗ್ಗೆ ಮುಡಿದು ಬಂದ ಹಡಗಲಿ ಮಲ್ಲಿಗೆ ಸಂಜೆವರೆಗೂ ಬಾಡುತ್ತಿರಲಿಲ್ಲ. ಅದು ನೋಡಲು ಚಂದವಿದ್ದರೂ ಯಾಕೋ ಸರಿ ಅನ್ನಿಸುತ್ತಿರಲಿಲ್ಲ.

ಒಂದು ದಿನ ಪಹಣಿಗೆಂದು ಬಂದ ಮುದುಕರೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ತಣ್ಣನೆ ಗಾಳಿ ಮುಖಕ್ಕೆ ಬಡಿದದ್ದೇ ರುಮಾಲು ತೆಗೆದು ಕೈಮುಗಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ತೀರಿಕೊಂಡವರು ಯಾರು, ಮಣ್ಣು ಎಷ್ಟೊತ್ತಿಗೆ ಎಂದು ಕೇಳಿದರು. ಪಾಪ, ಅಂಥ ಚಳಿಯನ್ನು ಅವರು ಕಂಡದ್ದು ಒಂದೇ ಸಲ, ದೊಡ್ಡಾಸ್ಪತ್ರೆಯಿಂದ ತಮ್ಮನ ಹೆಣ ಬಿಡಿಸಿಕೊಂಡು ಬರಲು ಹೋದಾಗ. ಯಾರೂ ಸತ್ತಿಲ್ಲ ಯಜಮಾನರೇ, ಇದು ಕಂಪ್ಯೂಟರ್, ಇದರೊಳಗೆ ನಿಮ್ಮ ಹೊಲ, ನಿಮ್ಮ ಹೆಸರು, ಊರಿನವರೆಲ್ಲರ ಹೆಸರೂ ಇದೆ, ಕೆಡಬಾರದೆಂದು ತಣ್ಣಗೆ ಇಟ್ಟಿದ್ದೇವೆ ಎಂದೆ.

ಅವರು ಆ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು. "ಅಂದ್ರ ಒಳಗ ಮಲಗಿರೋರು ನಾವ ಅನ್ರಿ" ಎಂದು ಹೇಳಿ, ಪಹಣಿ ತೆಗೆದುಕೊಳ್ಳದೆ ಹೊರಟರು.

೨. ಬೆಳಿಗ್ಗೆ ಇದ್ದ ಊರು

ನನ್ನ ಸುಪರ್ದಿನಲ್ಲಿದ್ದ ಊರುಗಳಲ್ಲಿ ಹೊಳೆದಂಡೆಯ ಒಂದು ಊರೂ ಸೇರಿತ್ತು. ಕುರಿ ಸಾಕುವವರು, ಒಂದಿಷ್ಟು ಜೋಳ ಬೆಳೆಯುವವರು, ಯಾರ ತಂಟೆಗೂ ಹೋಗದ ಜನ. ಆ ಊರಿನ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಕಚೇರಿಗೆ ಬಂದಳು. ಹುಡುಗಿ ಪಿಯುಸಿ ಮುಗಿಸಿದ್ದಳು, ಟಿ.ಸಿ.ಎಚ್. ಪಟ್ಟಿಯಲ್ಲಿ ಹೆಸರು ಬಂದಿತ್ತು. ಆ ಊರಿನಿಂದ ಮಾಸ್ತರಿಕೆ ಓದಲು ಹೊರಟವಳು ಇವಳೇ ಮೊದಲು. ಹತ್ತು ದಿನದೊಳಗೆ ವಾಸಸ್ಥಳದ ಪ್ರಮಾಣಪತ್ರ ಕೊಡದಿದ್ದರೆ ಸೀಟು ಇನ್ನೊಬ್ಬರ ಪಾಲು.

ಮೊದಲಾದರೆ ನಾನೇ ಒಂದು ಹಾಳೆಯಲ್ಲಿ ಬರೆದು ಸಾಹೇಬರ ಸಹಿ ಹಾಕಿಸಿ ಮಧ್ಯಾಹ್ನದ ಬಸ್ಸಿಗೆ ಕಳಿಸುತ್ತಿದ್ದೆ. ಈಗ ಕಂಪ್ಯೂಟರಿನಿಂದ ಬಂದರೇ ಪ್ರಮಾಣಪತ್ರ. ಆಪರೇಟರ್ ಅಮ್ಮ ಪಟ್ಟಿ ತೆಗೆದರು. ಈ ಊರಿನ ಮೇಲಿನ ಊರು ಇತ್ತು, ಕೆಳಗಿನ ಊರೂ ಇತ್ತು, ನಡುವಿನದು ಇರಲಿಲ್ಲ. ಮೂರು ಸಲ ಹುಡುಕಿದರು. ಆಮೇಲೆ ತಾಯಿಯ ಮುಖ ನೋಡಿ, "ಅಕ್ಕಾ, ನಿಮ್ಮೂರು ಇಲ್ಲ" ಎಂದರು.

"ಬೆಳಿಗ್ಗೆ ನಾವು ಬರೋ ಮುಂದ ಇತ್ರೀ" ಎಂದಳು ತಾಯಿ.

ಅದಕ್ಕೆ ಕೆಲವು ವರ್ಷ ಮುಂಚೆ ನಮ್ಮ ತಾಲ್ಲೂಕನ್ನು ಒಂದು ಜಿಲ್ಲೆಯಿಂದ ಎತ್ತಿ ಇನ್ನೊಂದು ಜಿಲ್ಲೆಗೆ ಹಾಕಿದ್ದರು. ಹಳೇ ಜಿಲ್ಲೆಗೆ ಫೋನು ಮಾಡಿದರೆ, ಆ ಊರನ್ನು ಕಳಿಸಿದ್ದೇವೆ ಎಂದರು. ಹೊಸ ಜಿಲ್ಲೆಗೆ ಮಾಡಿದರೆ, ಬಂದೇ ಇಲ್ಲ ಎಂದರು. ಅಂದರೆ ಒಂದು ಊರು, ಮನೆ ಮಠ ಕುರಿ ಕೋಳಿ ಸಮೇತ, ದಾರಿಯಲ್ಲಿ ಎಲ್ಲೋ ಬಿದ್ದು ಹೋಗಿತ್ತು.

ತಾಯಿ ಸಂತೆ ಮಾಡಲೆಂದು ತಂದಿದ್ದ ಚೀಲವನ್ನು ಖಾಲಿಯೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಊರು ಇದೆಯೋ ಇಲ್ಲವೋ ನೋಡಲು ಮೊದಲ ಬಸ್ಸಿಗೇ ಹೋದಳು.

೩. ಕೋಳಿ ತಿಂದ ಮಂದಿ

ತಹಶೀಲ್ದಾರ್ ಸಾಹೇಬರ ಮುಂದೆ ವಿಷಯ ಇಟ್ಟೆ. ಊರು ಇದೆ ಎನ್ನುವುದಾದರೆ ತಲೆ ಎಣಿಸಿ ವರದಿ ಕೊಡಿ ಎಂದರು. ಸರಿ, ಹೋದೆ. ಊರು ಇದ್ದ ಜಾಗದಲ್ಲೇ ಇತ್ತು. ನನಗೂ ಸ್ವಲ್ಪ ಸಮಾಧಾನ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ತಲೆ ಎಣಿಸಬೇಕು ಎಂದೆ. ಅವರು ಆಗುವುದಿಲ್ಲ ಎಂದರು. ಆ ಜನ ಕುರಿಯನ್ನು ಎಣಿಸುವುದಿಲ್ಲ, ನೋಡಿಯೇ ಕಡಿಮೆ ಹೆಚ್ಚು ತಿಳಿಯುತ್ತಾರೆ. ಬೆರಳು ಮಾಡಿ ಒಂದು ಎರಡು ಎಂದರೆ ಹಟ್ಟಿಯ ಕುರಿ ಕರಗುತ್ತವೆ ಎಂಬ ಭಯ. ಕುರಿಗೇ ಹಾಗಾದರೆ ಮನುಷ್ಯರನ್ನು ಎಣಿಸುವುದು ಎಲ್ಲಿ ಬಂತು. ಹುಡುಗಿಯ ಸೀಟಿನ ವಿಷಯ ಹೇಳಿ ಬೇಡಿಕೊಂಡ ಮೇಲೆ ಹಿರಿಯರೇ ಒಂದು ದಾರಿ ತೋರಿಸಿದರು. ಮನೆಗೊಬ್ಬರು ಬಂದು, ತಮ್ಮ ಮನೆಯಲ್ಲಿ ಎಷ್ಟು ಜೀವವೋ ಅಷ್ಟು ಜೋಳದ ಕಾಳನ್ನು ಮೊರದಲ್ಲಿ ಹಾಕುವುದು, ನಾನು ಕಾಳು ಎಣಿಸುವುದು. ಕಾಳಿಗೆ ದೃಷ್ಟಿ ತಗುಲಿದರೂ ಚಿಂತೆಯಿಲ್ಲ.

ಎಲ್ಲರೂ ಹಾಕಿದರು. ಇಡೀ ಊರು ಒಂದು ಮೊರದಲ್ಲಿ ನನ್ನ ಮುಂದೆ ಕೂತಿತ್ತು. ಎಣಿಸುವ ಮುಂಚೆ ಕನ್ನಡಕ ಒರೆಸಿಕೊಳ್ಳೋಣ ಎಂದು ತಲೆ ತಗ್ಗಿಸಿದೆ, ಅಷ್ಟರಲ್ಲಿ ಎಲ್ಲಿಂದಲೋ ಒಂದು ಕೋಳಿ ಬಂದು ಟಕಟಕನೆ ನಾಲ್ಕು ಸಲ ಕುಕ್ಕಿತು.

ಕೋಳಿ ಕತ್ತು ವಾರೆ ಮಾಡಿ ನಮ್ಮೆಲ್ಲರನ್ನೂ ನೋಡಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಅಜ್ಜಿ ಮೆತ್ತಗೆ, "ಯಾರ್ಯಾರನ್ನ ತಿಂತ್ರೀ ಅದು?" ಎಂದಳು. ಇನ್ನು ನಾಲ್ಕು ಕಾಳು ಹಾಕಿದರಾಯಿತು ಎಂದೆ. ಯಾರ ಕಾಳು ಹೋಗಿದೆ ಎಂದು ತಿಳಿಯದೆ ಯಾರು ಹಾಕಬೇಕು ಎಂದರು ಹಿರಿಯರು. ನಾಲ್ಕು ಜನ ಕಡಿಮೆ ಇರುವ ವರದಿಯನ್ನೇ ಬರೆದುಕೊಂಡು ಎದ್ದೆ.

ಆ ಊರಿನಲ್ಲಿ ಯಾರೂ ಸಾಯಲಿಲ್ಲ, ಎಲ್ಲರೂ ಚೆನ್ನಾಗಿಯೇ ಇದ್ದರು. ಆದರೆ ಆ ಕೋಳಿಯನ್ನು ಮಾತ್ರ ಅವರು ಯಾವ ಹಬ್ಬಕ್ಕೂ ಕೊಯ್ಯಲಿಲ್ಲ. ಒಳಗೆ ನಾಲ್ಕು ಮಂದಿ ಇದ್ದರಲ್ಲ.

೪. ನೂರಕ್ಕೆ ನೂರು

ವರದಿ ಓದಿದ ಸಾಹೇಬರು ಅದನ್ನು ಮೇಜಿನ ಖಾನೆಯಲ್ಲಿ ಇಟ್ಟು ಬೀಗ ಹಾಕಿದರು. ಸಂಗತಿ ಏನೆಂದರೆ, ತಾಲ್ಲೂಕಿನ ಊರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಾಗಿದೆ, ನೂರಕ್ಕೆ ನೂರು ಸಾಧನೆ ಎಂದು ಅವರು ಆಗಲೇ ಮೇಲಕ್ಕೆ ಬರೆದಾಗಿತ್ತು. ಮೇಲಿನವರು ಅದನ್ನೇ ಇನ್ನೂ ಮೇಲಕ್ಕೆ ಬರೆದಿದ್ದರು.

"ಆ ಊರು ಇದ್ರ ನಾವು ಸುಳ್ಳು ಬರದಂಗಾತು. ಇರದಿದ್ರ ಎಲ್ಲಾ ಸರಿ ಐತಿ. ನೀವ ಹೇಳ್ರಿ" ಎಂದರು ಸಾಹೇಬರು.

ನನಗೆ ಸಿಟ್ಟು ನೆತ್ತಿಗೇರಿತು. ಡಿಜಿಟಲ್ ಕೇಂದ್ರ ಆಗಲು ಹೊರಟವರಿಗೆ ಒಂದು ಊರು ಇಟ್ಟುಕೊಳ್ಳಲು ಜಾಗ ಇಲ್ಲವೇ ಎಂದು ಅಂದೇಬಿಟ್ಟೆ. ಹುಡುಗಿಗೆ ಉಳಿದದ್ದು ಆರು ದಿನ. ಸಾಹೇಬರು ಕೆಟ್ಟವರಲ್ಲ, ಅವರ ಮನೆಯಲ್ಲೂ ಓದುವ ಮಗಳಿದ್ದಳು. ಪಟ್ಟಿಯಲ್ಲಿ ಇರುವುದರಲ್ಲೇ ಯಾವುದಾದರೂ ನೋಡಿ ಎಂದು ಹೇಳಿ, ಕಿಟಕಿಯ ಕಡೆ ತಿರುಗಿಕೊಂಡರು.

ಮೇಲಿನ ಊರು, ಕೆಳಗಿನ ಊರು ಎರಡರಲ್ಲೂ ಮನೆ ನಂಬರು ಕೇಳಿತು ಯಂತ್ರ. ಆಪರೇಟರ್ ಅಮ್ಮ ಹುಡುಕುತ್ತ ಹುಡುಕುತ್ತ ಒಂದು ಕಡೆ ನಿಂತರು. "ಇದೊಂದೈತಿ ಸಾರ್, ಇದಕ್ಕ ಮನೆ ನಂಬರೂ ಕೇಳಂಗಿಲ್ಲ" ಎಂದರು. ನೋಡಿದರೆ ಅದು ಹಾಳೂರು.

ರೆವಿನ್ಯೂ ಭಾಷೆಯಲ್ಲಿ ಅದಕ್ಕೆ ಬೇಚರಾಕ್ ಗ್ರಾಮ ಎನ್ನುತ್ತಾರೆ, ಕಾಗದದಲ್ಲಿ ಊರು, ನೆಲದ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಯಾವುದೋ ಕಾಲದಲ್ಲಿ ಪ್ಲೇಗು ಬಂದು ಖಾಲಿಯಾದ ಜಾಗ. ಮುರುಕು ಗೋಡೆ, ಒಂದು ಹುಣಸೆ ಮರ, ಬಾಗಿಲಿಲ್ಲದ ಹನುಮಪ್ಪನ ಗುಡಿ. ಮಟಮಟ ಮಧ್ಯಾಹ್ನ ಕುರಿಗಳೂ ಆ ಕಡೆ ಬಾಯಿ ಹಾಕುವುದಿಲ್ಲ ಎನ್ನುತ್ತಿದ್ದರು. ಅಂಥದ್ದು ಕಂಪ್ಯೂಟರಿನಲ್ಲಿ ಎಲ್ಲ ಕಾಲಂ ತುಂಬಿಕೊಂಡು, ನಾಲ್ಕು ದಿಕ್ಕಿನ ಚೆಕ್ಕುಬಂದಿ ಸಮೇತ, ಜನಸಂಖ್ಯೆ ಸೊನ್ನೆ ಎಂದು ಅಚ್ಚುಕಟ್ಟಾಗಿ ಕೂತಿತ್ತು.

ಹುಡುಗಿ ಹುಟ್ಟಿದಾಗಿನಿಂದ ಹಾಳೂರಿನ ನಿವಾಸಿ ಎಂದು ಆಪರೇಟರ್ ಅಮ್ಮ ಹೊಡೆದರು. ಯಂತ್ರ ಒಂದು ತಕರಾರೂ ಮಾಡದೆ ತಕ್ಷಣ ಒಪ್ಪಿಕೊಂಡಿತು. ಅಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ನಮ್ಮಿಬ್ಬರಿಗೂ ಒಂಥರಾ ಆಯಿತು.

ತಾಯಿಯನ್ನು ಕರೆಸಿ ಓದಿ ಹೇಳಿದೆ. ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಅಲ್ಲಿಯವ್ರು ಒಪ್ಪತಾರೇನ್ರಿ?"

೫. ಹಾಳೂರಿನ ಹೊಗೆ

ಅಲ್ಲಿಯವರು ಒಪ್ಪಿದರು, ಜಿಲ್ಲೆಯವರು ಒಪ್ಪಲಿಲ್ಲ. ಜನಸಂಖ್ಯೆ ಸೊನ್ನೆ ಇದ್ದ ಊರಿನಲ್ಲಿ ಇದ್ದಕ್ಕಿದ್ದಂತೆ ಹದಿನೆಂಟು ವರ್ಷದ ಒಬ್ಬ ನಿವಾಸಿ ಕಾಣಿಸಿಕೊಂಡದ್ದನ್ನು ಯಂತ್ರ ಅಲ್ಲಿಗೆ ಚಾಡಿ ಹೇಳಿತು. ಅಧಿಕಾರಿಯೊಬ್ಬರು ಕಣ್ಣಾರೆ ನೋಡಿ ಷರಾ ಬರೆಯದೆ ಮೊಹರು ಬೀಳುವುದಿಲ್ಲ ಎಂದು ಆದೇಶ ಬಂತು. ಉಳಿದದ್ದು ಎರಡು ದಿನ.

ಊರಿಗೆ ಓಡಿದೆ. ನಾಳೆ ಒಂದು ಮಧ್ಯಾಹ್ನದ ಮಟ್ಟಿಗೆ ಹಾಳೂರಿನಲ್ಲಿ ಒಲೆ ಹಚ್ಚಿ ಕೂತಿರಿ ಎಂದು ಬೇಡಿಕೊಂಡೆ. ಮೀಸೆ ಇದ್ದವರೆಲ್ಲ ಆವತ್ತು ಕುರಿ ಹಿಂದೆ ಹೋಗಬೇಕಿತ್ತಂತೆ. ತಾಯಿ, ಮಗಳು, ಹತ್ತು ಹನ್ನೆರಡು ಹೆಂಗಸರು ಗಡಿಗೆ ಹೊತ್ತು ಹೊರಡಲು ಒಪ್ಪಿದರು. ಆ ಹುಡುಗಿ ಓದಬೇಕೆಂದು ಅವರಿಗೆಲ್ಲ ಎಷ್ಟು ಆಸೆ ಇತ್ತೆಂದು ನನಗೆ ತಿಳಿದದ್ದು ಆವತ್ತೇ. ಮಾತಾಡಿದರೆ ಅಲ್ಲಿಯವರು ಎದ್ದಾರು ಎಂದು ಬಾಯಿ ಕಟ್ಟಿಕೊಂಡೇ ಹೋದರಂತೆ.

ಮರುದಿನ ನಾನು ಅಧಿಕಾರಿಯ ಜೊತೆ ಜೀಪಿನಲ್ಲಿ ಹೊರಟೆ. ಅವರು ಹೊಸಬರು, ಏನೂ ಗೊತ್ತಿಲ್ಲ. ಡ್ರೈವರ್ ಮಾತ್ರ ಈ ಕಡೆಯವನು. ಹಾಳೂರು ಎಂದದ್ದೇ, ಅಲ್ಲಿ ಯಾರದಾರ ರೀ ಎಂದು ಎರಡು ಸಲ ಕೇಳಿದ. ನಾನು ಕೇಳಿಸದವನಂತೆ ಹೊರಗೆ ನೋಡಿದೆ.

ದಿಬ್ಬ ಹತ್ತಿದರೆ ಎದುರಿಗೆ ಹಾಳೂರು. ನೆತ್ತಿಯ ಮೇಲೆ ಸೂರ್ಯ, ಒಂದು ಎಲೆ ಅಲ್ಲಾಡುತ್ತಿಲ್ಲ. ಸೂರಿಲ್ಲದ ಮನೆಗಳ ಒಳಗಿಂದ ಮೂರು ಕಡೆ ಹೊಗೆ ಏಳುತ್ತಿತ್ತು. ಗೋಡೆಯ ಉದ್ದಕ್ಕೂ ಹೆಂಗಸರು ಹೊಗೆಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಸಾಲಾಗಿ ಕೂತಿದ್ದರು. ಯಾರೂ ಮಿಸುಕಲಿಲ್ಲ. ಇದನ್ನೆಲ್ಲ ಮಾಡಿಸಿದವನು ನಾನೇ ಆದರೂ ನನ್ನ ಕಾಲು ನೆಲಕ್ಕಿಳಿಯಲು ಒಪ್ಪಲಿಲ್ಲ. ಡ್ರೈವರ್ ಜೀಪು ನಿಲ್ಲಿಸಿದ, ಆದರೆ ಇಂಜಿನ್ ಆರಿಸಲಿಲ್ಲ.

ಅಧಿಕಾರಿ ಕಿಟಕಿಯಿಂದಲೇ ಹುಡುಗಿಯ ಹೆಸರು ಕೂಗಿದರು. ಉತ್ತರ ಇಲ್ಲ. ಇನ್ನೊಮ್ಮೆ ಕೂಗಿದರು, ಇಲ್ಲ. ನಾನು ಒಂದನ್ನು ಮರೆತಿದ್ದೆ. ನಮ್ಮ ಕಡೆ ಅಂಥ ಜಾಗದಲ್ಲಿ ಯಾರು ಹೆಸರು ಹಿಡಿದು ಕರೆದರೂ ಮೂರನೇ ಸಲದವರೆಗೆ ಓಗೊಡುವುದಿಲ್ಲ. ಕರೆಯುವುದು ದೆವ್ವವಾಗಿದ್ದರೆ ಎರಡು ಸಲಕ್ಕಿಂತ ಹೆಚ್ಚು ಕರೆಯುವುದಿಲ್ಲವಲ್ಲ. ಅಂದರೆ ಅವರು ಜಿಲ್ಲೆಯ ಅಧಿಕಾರಿಯನ್ನು ಪರೀಕ್ಷೆ ಮಾಡುತ್ತಿದ್ದರು.

ಮೂರನೇ ಸಲ ಕೂಗಿದ್ದೇ ತಡ, ಹನ್ನೆರಡು ಸೆರಗಿನ ಒಳಗಿಂದ ಒಟ್ಟಿಗೆ "ಓ" ಎಂದು ದನಿ ಬಂತು. ಮುರುಕು ಗೋಡೆಯ ಹಿಂದಿನಿಂದ, ಒಲೆ ಊದಿ ಊದಿ ಮುಖವೆಲ್ಲ ಬೂದಿಯಾಗಿದ್ದ ಹುಡುಗಿ ಮೆಲ್ಲಗೆ ಎದ್ದು ನಿಂತಳು.

ಅಧಿಕಾರಿ ಜೀಪಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೇಳಬೇಕಾದದ್ದನ್ನು ಕೇಳಿದರು, ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು. ಹುಟ್ಟಿದಾಗಿಂದ ಎನ್ನು ಎಂದು ತಾಯಿಗೆ ನಾನು ಹತ್ತು ಸಲ ಹೇಳಿಕೊಟ್ಟಿದ್ದೆ. ಹನುಮಪ್ಪನ ಎದುರಿಗೆ ಅವಳ ಬಾಯಿಗೆ ಸುಳ್ಳು ಬರಲಿಲ್ಲ. "ನಮ್ಮೂರು ಅಳಿಸಿ ಹೋತ್ರೀ. ಈಗ ನಾವು ಎಲ್ಲೂ ಇಲ್ಲ. ಅದಕ್ಕ ನಮ್ಮನ್ನ ಇಲ್ಲಿಗೆ ಹಾಕ್ಯಾರ" ಎಂದಳು.

ಅಷ್ಟು ದೂರ ರಿವರ್ಸಿನಲ್ಲಿ ಓಡಿದ ಜೀಪನ್ನು ನಾನು ಇನ್ನೊಂದು ನೋಡಿಲ್ಲ. ನೋಡಿದ್ದು ಹೊರಗಿನಿಂದ, ಯಾಕೆಂದರೆ ಹೇಗೋ ಧೈರ್ಯ ಮಾಡಿ ಆಗ ತಾನೇ ಕೆಳಗಿಳಿದಿದ್ದೆ. ಸಹಿ ಸಾಹೇಬರೇ, ಸಹಿ, ಎಂದು ಕೂಗುತ್ತ ಜಾಲಿಮುಳ್ಳಿನಲ್ಲಿ ಬೆನ್ನು ಹತ್ತಿದೆ. ದಿಬ್ಬದ ತಿರುವಿನಲ್ಲಿ ಕಿಟಕಿಯಿಂದ ಕಾಗದ ಹಾರಿ ಬಂತು. ಪುಣ್ಯಾತ್ಮರು ತೊಡೆಯ ಮೇಲಿಟ್ಟುಕೊಂಡು ಬರೆದೇಬಿಟ್ಟಿದ್ದರು.

ಆ ಕಾಗದಕ್ಕೆ ಸಂಜೆಯೇ ಮೊಹರು ಬಿತ್ತು. ಅದನ್ನು ಹಿಡಿದು ಹುಡುಗಿ ಮರುದಿನ ಸೀಟು ಪಡೆದಳು. ಸೀಟು ಕೊಡುವ ಮೇಜಿನವರು ಷರಾ ಓದಿ, ಅವಳ ಮುಖವನ್ನೂ ಕಾಲನ್ನೂ ಒಂದೆರಡು ಸಲ ನೋಡಿದರಂತೆ. ನಡುಗುವ ಅಕ್ಷರದಲ್ಲಿ ಅಲ್ಲಿ ಹೀಗೆ ಬರೆದಿತ್ತು: "ಅರ್ಜಿದಾರಳು ಸದರಿ ಗ್ರಾಮದಲ್ಲಿ ಇರುವುದನ್ನು ಖುದ್ದಾಗಿ ಕಣ್ಣಾರೆ ಕಂಡಿರುತ್ತೇನೆ. ಇನ್ನೊಮ್ಮೆ ಕಾಣುವ ಅಗತ್ಯವಿರುವುದಿಲ್ಲ."