ಬೀಗರು ಬಂದರೂ ವಾಡಿಯಲ್ಲೇ ಇದ್ದರು

ಮಾಳಿಗೆ ಮೇಲೆ ಆಂಟೆನಾ ಕಟ್ಟಿದವನನ್ನು ನಮ್ಮ ಸೇಡಂನಲ್ಲಿ ಯಾರೂ ನೆಮ್ಮದಿಯಿಂದ ಇರಗೊಡುವುದಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ಎರಡು ಸಾವಿರದ ಇಸವಿ ದಾಟಿದ ಕಾಲ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ, ಜೊತೆಗೆ ಲೈಸೆನ್ಸು ಪಡೆದ ಹವ್ಯಾಸಿ ರೇಡಿಯೋದವನು. ಜಿಪಿಎಸ್ ಜೋಡಿಸಿದ ಸಣ್ಣ ರೇಡಿಯೋ ತಾನಿರುವ ಜಾಗವನ್ನು ಆಗಾಗ ಗಾಳಿಗೆ ಬಿಡುತ್ತದೆ. ನನ್ನ ಆಂಟೆನಾ ಅದನ್ನು ಹಿಡಿದು ಕಂಪ್ಯೂಟರಿಗೆ ಕೊಡುತ್ತದೆ, ಕಂಪ್ಯೂಟರು ಇಂಟರ್ನೆಟ್ಟಿಗೆ ಕೊಡುತ್ತದೆ. ನಕ್ಷೆಯ ಮೇಲೆ ಒಂದು ಚುಕ್ಕೆ ಓಡುತ್ತದೆ. ಇಷ್ಟೇ. ಇದರಲ್ಲಿ ಯಾರಿಗೇನು ತೊಂದರೆ?

ಟಿವಿ ಕುಣಿದದ್ದು

ಮೊದಲ ತಕರಾರು ಮನೆ ಮಾಲೀಕರದು.

"ಮಾಸ್ತರ್, ನಿಮ್ಮ ಕಂಬದ ದೆಸಿಂದ ನಮ್ಮ ಟಿವಿ ಕುಣೀಲಿಕತ್ತದ."

ಅವರೆದುರಿಗೇ ರೇಡಿಯೋ ಬಂದ್ ಮಾಡಿದೆ, ಬ್ಯಾಟರಿ ಬಿಚ್ಚಿ ಕೈಯಲ್ಲಿ ಹಿಡಿದು ನಿಂತೆ. ಟಿವಿ ಕುಣಿಯುತ್ತಲೇ ಇತ್ತು.

"ಈಗೇನಂತೀರಿ?" ಅಂದೆ.

"ಬಂದ್ ಇದ್ದಾಗೇ ಇಷ್ಟು ಕುಣೀತದ, ಚಾಲೂ ಇದ್ದಾಗ ಇನ್ನೆಷ್ಟು ಕುಣೀಬಾರ್ದು?"

ತಮ್ಮ ಸಣ್ಣ ಮಗಳ ಮದುವೆಯೊಳಗೆ ಆಂಟೆನಾ ಇಳಿಸಬೇಕೆಂದು ಅಪ್ಪಣೆಯಾಯಿತು. ಅಷ್ಟು ಎತ್ತರದ ಮಾಳಿಗೆ ಊರಲ್ಲಿ ಇನ್ನೊಂದು ನನಗೆ ಬಾಡಿಗೆಗೆ ಸಿಗುತ್ತಿರಲಿಲ್ಲ. ಅದು ಇಳಿದರೆ ನನ್ನ ಸ್ಟೇಷನ್ ಮುಗಿದ ಹಾಗೆಯೇ.

ಆಡಕಿಯ ಎಮ್ಮೆ

ಅದೇ ವಾರ ಹತ್ತಿರದ ಹಳ್ಳಿ ಆಡಕಿಯಿಂದ ಒಬ್ಬ ಹಿರಿಯರು ಶಾಲೆಗೇ ಬಂದರು. ಅವರ ಎಮ್ಮೆ ಕಳೆದಿತ್ತು.

"ಎಲ್ಲದ ನೋಡಿ ಹೇಳ್ರಿ."

"ಎಮ್ಮೆಗೆ ಯಂತ್ರ ಕಟ್ಟಿದ್ರ ಮಾತ್ರ ಕಾಣ್ತದ ಯಜಮಾನ್ರ. ಈಗ ಯಂತ್ರ ಕಟ್ಟಿದ ನನ್ನ ಸ್ಕೂಟರ್ ಅಷ್ಟೇ ಕಾಣ್ತದ."

ಅವರು ಕಿಟಕಿಯಿಂದ ಹೊರಗೆ ನೋಡಿದರು. ಸ್ಕೂಟರ್ ಬೇವಿನ ಗಿಡದ ಕೆಳಗಿತ್ತು.

"ಅದು ನನಗೂ ಕಾಣ್ತದಲ್ರಿ," ಅಂದು ಎದ್ದು ಹೋದರು.

ಬಿಸಿ ಪೂರಿ

ಮದುವೆ ಹತ್ತಿರ ಬಂತು. ಹಿರಿಯ ಮಗಳ ಮದುವೆಯಲ್ಲಿ ಮಾಲೀಕರು ತಣ್ಣನೆಯ ಪೂರಿ ಬಡಿಸಿದ್ದರೆಂದು ಆ ಬೀಗರು ಇನ್ನೂ ಆಡಿಕೊಳ್ಳುತ್ತಿದ್ದರು. ನಾನು ಇದೇ ಸಮಯವೆಂದು ಹೇಳಿದೆ: "ಶಹಾಬಾದದಿಂದ ಬರೋ ಈ ಬೀಗರ ಬಸ್ಸಿನಾಗ ನನ್ನ ರೇಡಿಯೋ ಇಡ್ತೀನಿ. ಚುಕ್ಕಿ ಮಳಖೇಡ ದಾಟಿದ ಮ್ಯಾಲ ಎಣ್ಣಿ ಕಾಯಿಸ್ರಿ. ಪೂರಿ ಬಿಸಿ ಇದ್ರ ಆಂಟೆನಾ ಉಳೀಬೇಕು." ಒಪ್ಪಿದರು.

ಶಹಾಬಾದದಲ್ಲಿ ಫೋಟೋ ಸ್ಟುಡಿಯೋ ಇಟ್ಟ ನನ್ನ ರೇಡಿಯೋ ಗೆಳೆಯ ಚೀಲದಲ್ಲಿ ಯಂತ್ರವಿಟ್ಟುಕೊಂಡು ಬೀಗರ ಬಸ್ಸು ಹತ್ತಿದ. ಮಾಲೀಕರು ಪೇಟ ಸುತ್ತಿಕೊಂಡು ನನ್ನ ಕಂಪ್ಯೂಟರಿನ ಮುಂದೆ ಕೂತರು. ಚುಕ್ಕೆ ನಡುದಾರಿಯ ವಾಡಿಗೆ ಬಂತು, ನಿಂತಿತು, ಅಲ್ಲಿಂದ ಕದಲಲೇ ಇಲ್ಲ. ಆಂಟೆನಾ ತಿರುಗಿತೇನೋ ಎಂದು ನಾನು ಮಾಳಿಗೆ ಹತ್ತಿದೆ. ಅಲ್ಲಿಂದ ನೋಡಿದರೆ ಬೀಗರ ಬಸ್ಸು ನಮ್ಮ ಮನೆ ಮುಂದೆಯೇ ನಿಂತಿದೆ!

ಕೆಳಗೆ ಓಡಿದೆ. ವರನ ತಂದೆ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. "ಬಂದೀವ್ರಿ ಬೀಗರ."

ಮಾಲೀಕರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲಿ ಬಂದೀರಿ? ನೀವಿನ್ನೂ ವಾಡ್ಯಾಗೇ ಅದೀರಿ."

ಒಲೆ ಕೂಡ ಹೊತ್ತಿರಲಿಲ್ಲ. ಬೀಗರ ಮುಖ ಕೆಂಪಾಯಿತು. ಅಷ್ಟರಲ್ಲಿ ನನ್ನ ಮೇಜಿನ ಮೇಲಿನ ರೇಡಿಯೋದಲ್ಲಿ ಗೆಳೆಯನ ದನಿ: "ಚಹಾ ಕುಡೀಲಿಕ್ಕ ಚೀಲ ತಗೊಂಡು ಇಳಿದಿದ್ದೆ, ಬಸ್ಸು ಬಿಟ್ಟು ಹೋತು." ಅವನು ಎದುರಿಗಿದ್ದರೆ ಅವನ ಜುಟ್ಟು ನನ್ನ ಕೈಯಲ್ಲಿರುತ್ತಿತ್ತು.

ಮದುವೆ ಮುಗಿದ ಮರುದಿನ, ಎಲ್ಲರ ಮೇಲಿನ ಸಿಟ್ಟನ್ನು ನಟ್ಟು ಬೋಲ್ಟಿನ ಮೇಲೆ ತೀರಿಸುತ್ತ ಆಂಟೆನಾ ಬಿಚ್ಚುತ್ತಿದ್ದೆ. ಮಾಲೀಕರು ಏದುಸಿರು ಬಿಡುತ್ತ ಮಾಳಿಗೆ ಹತ್ತಿ ಬಂದರು.

"ಬಿಚ್ಚಬ್ಯಾಡ್ರಿ ಮಾಸ್ತರ್. ಬೀಗರು ಭಾಳ ಸಿಟ್ಟಾಗ್ಯಾರ, ಜಗಳಕ್ಕ ಬರ್ತಾರಂತ. ಅವರ ಜೀಪಿಗಿ ಒಂದು ಯಂತ್ರ ಕಟ್ಟಿಬಿಡ್ರಿ. ಚುಕ್ಕಿ ಮಳಖೇಡ ದಾಟಿದ ಕೂಡ್ಲೆ ಹೇಳ್ರಿ, ನಾ ಆ ಕಡಿಂದ ಚಿಂಚೋಳಿಗಿ ಹೋಗಿಬಿಡ್ತೀನಿ."